ಇರಾನ್ ಗ್ಯಾಸು ಪಕ್ಕದ ದೇಶಕ್ಕೆ ಹೋಗುತ್ತೆ ಸರಿ, ದುಡ್ಡು ಯಾವ ದಾರೀಲಿ ಹೋಗುತ್ತೆ? ನಮ್ಮ ಕಡೆಯ ವಾಲ್ವ್ ಯೂನಿಟ್‌ಗಳು ಏನು ನೋಡಿಕೋಬೇಕು?

ವಸಂತನರಸಾಪುರ ವಾಲ್ವ್
ಎಲ್ಲರಿಗೂ ನಮಸ್ಕಾರ. ಎರಡು ಪ್ರಶ್ನೆ, ಒಂದಕ್ಕೊಂದು ಅಂಟಿಕೊಂಡಿವೆ.

ಒಂದು: ಅಮೆರಿಕದ ನಿರ್ಬಂಧ ಇದ್ದರೂ ಇರಾನಿನ ಗ್ಯಾಸನ್ನ ಇರಾಕ್, ಟರ್ಕಿ, ಅರ್ಮೇನಿಯ ಮೂರೂ ವರ್ಷಗಟ್ಟಲೆ ತಗೊಂಡಿವೆ. ಪಾಕಿಸ್ತಾನ ಮಾತ್ರ 2009ರಲ್ಲಿ ಖರೀದಿ ಒಪ್ಪಂದಕ್ಕೆ ಸಹಿ ಹಾಕಿಯೂ ತನ್ನ ಪಾಲಿನ ಪೈಪ್‌ಲೈನ್ ಮುಗಿಸಿಲ್ಲ. ಒಬ್ಬೊಬ್ಬರಿಗೆ ಒಂದೊಂದು ನ್ಯಾಯ ಯಾಕೆ?

ಎರಡು: ಇರಾಕಿನ ಬಸ್ರಾ ಕಡೆಯ ಗ್ಯಾಸ್ ವಿದ್ಯುತ್ ಸ್ಥಾವರಕ್ಕೆ ಅಂತ ದುಬೈ ಟ್ರೇಡರ್ ಒಬ್ಬರಿಂದ ಎನ್‌ಕ್ವೈರಿ ಬಂದಿದೆ. 6 ಇಂಚು, ಕ್ಲಾಸ್ 300, ಎಪಿಐ 600 ಗೇಟ್ ವಾಲ್ವ್, ಬಾಡಿ ಡಬ್ಲ್ಯುಸಿಬಿ, ಅಂದ್ರೆ ಎರಕದ ಕಾರ್ಬನ್ ಸ್ಟೀಲ್. ಜೊತೆಗೆ ಡಿಜಿಟಲ್ ಪೊಸಿಷನರ್ (ವಾಲ್ವ್ ಎಷ್ಟು ತೆರೀಬೇಕು ಅಂತ ನಿಯಂತ್ರಿಸೋ ಸಾಧನ) ಕೂರಿಸಿದ ಕಂಟ್ರೋಲ್ ವಾಲ್ವ್ ಒಂದಿಷ್ಟು. ಅಲ್ಲಿ ಉರಿಯೋದು ಇರಾನ್ ಗ್ಯಾಸೇ ಆದ್ರೆ ಇದು ಇರಾನ್ ವ್ಯಾಪಾರ ಅಂತಾಗುತ್ತಾ? ಬ್ಯಾಂಕಿನಲ್ಲಿ ಕೇಳಿದ್ರೆ "ನೋಡೋಣ" ಅಂತಾರೆ, ಅಷ್ಟೇ.

ಪಾವಗಡ ಬಿಸಿಲು
ಇದರಲ್ಲಿ ಅಷ್ಟೊಂದು ತಲೆ ಕೆಡಿಸ್ಕೊಳೋದು ಏನಿದೆ? ತಂತಿ ಇದ್ದ ಕಡೆ ಕರೆಂಟ್ ಹರಿಯುತ್ತೆ, ಪೈಪ್ ಇದ್ದ ಕಡೆ ಗ್ಯಾಸ್ ಹರಿಯುತ್ತೆ. ನಮ್ಮ 2,050 ಮೆಗಾವ್ಯಾಟ್ ಪಾರ್ಕಿನ ಸುತ್ತ ಮೂರು ಕಡೆ ಆಂಧ್ರ. ಯಾರು ಯಾರಿಗೆ ಪರ್ಮಿಷನ್ ಕೇಳ್ತಾರೆ?

ಗೌರಿಬಿದನೂರು ಗ್ರಿಡ್
@ಪಾವಗಡ ಬಿಸಿಲು, ಕೇಳ್ತಾರೆ ಸ್ವಾಮಿ. ರಾಜ್ಯದಿಂದ ರಾಜ್ಯಕ್ಕೆ ಹೋಗೋ ವಿದ್ಯುತ್ತಿಗೂ ದಿನವನ್ನ 15 ನಿಮಿಷದ 96 ಬ್ಲಾಕ್ ಮಾಡಿ ಮೊದಲೇ ಶೆಡ್ಯೂಲ್ ಕೊಡಬೇಕು. ಶೆಡ್ಯೂಲ್ ಬಿಟ್ಟು ಹೆಚ್ಚುಕಮ್ಮಿ ಆದ್ರೆ ಡೀವಿಯೇಷನ್ ಚಾರ್ಜ್ ಬೀಳುತ್ತೆ.

ದೇಶದಿಂದ ದೇಶಕ್ಕಾದ್ರೆ ಕಥೆಯೇ ಬೇರೆ. ನೇಪಾಳ, ಭೂತಾನ್, ಬಾಂಗ್ಲಾ ಜೊತೆ ನಾವು ಮಾಡೋ ವ್ಯಾಪಾರಕ್ಕೆ 2018ರ ಮಾರ್ಗಸೂಚಿ, 2021ರ ಕಾರ್ಯವಿಧಾನ ಇದೆ. ಗಡಿ ಹಂಚಿಕೊಂಡು, ನಮ್ಮ ಜೊತೆ ವಿದ್ಯುತ್ ಒಪ್ಪಂದ ಇಲ್ಲದ ಮೂರನೇ ದೇಶದ ಮಾಲೀಕತ್ವ ಆ ಸ್ಥಾವರದಲ್ಲಿ ಇದ್ರೆ ಖರೀದಿಗೆ ಅನುಮತಿ ಸಿಗಲ್ಲ. ಚೀನಾ ಅಂತ ಹೆಸರು ಬರೆದಿಲ್ಲ, ಆದ್ರೆ ಉದ್ದೇಶ ಅದೇ. ನೇಪಾಳದ 456 ಮೆಗಾವ್ಯಾಟಿನ ಅಪ್ಪರ್ ತಮಾಕೋಶಿಯಲ್ಲಿ ಸಿವಿಲ್ ಕೆಲಸ ಮಾಡಿದ್ದು ಚೀನಾದ ಸಿನೊಹೈಡ್ರೊ. ಮಾಲೀಕತ್ವ ಅಲ್ಲ, ಬರೀ ಗುತ್ತಿಗೆ; ಆದ್ರೂ ಅದೇ ಕಾರಣಕ್ಕೆ ಅದರ ವಿದ್ಯುತ್ತಿಗೆ ಇಲ್ಲಿ ಅನುಮತಿ ಸಿಕ್ಕಿಲ್ಲ. ಅಮೆರಿಕ ಮಾತ್ರ ನಿರ್ಬಂಧ ಹಾಕುತ್ತೆ ಅಂದುಕೋಬೇಡಿ.

ಪಾವಗಡ ಬಿಸಿಲು
ಆಯ್ತು ಸ್ವಾಮಿ. ಹಾಗಾದ್ರೆ ನೇಪಾಳದವರು ನಮ್ಮ ತಂತಿ ಮೇಲೆ ಬಾಂಗ್ಲಾಗೆ ಮಾರ್ತಾರಲ್ಲ, ಅದು ಹೇಗೆ?

ಗೌರಿಬಿದನೂರು ಗ್ರಿಡ್
2024ರ ಅಕ್ಟೋಬರ್ 3ರಂದು ಮೂರು ಕಡೆಯವರೂ ಸಹಿ ಹಾಕಿದ್ರು. ಪ್ರಮಾಣ 40 ಮೆಗಾವ್ಯಾಟ್, ದರ ಯೂನಿಟ್‌ಗೆ 6.4 ಅಮೆರಿಕನ್ ಸೆಂಟ್, ಅದೂ ಜೂನ್ 15ರಿಂದ ನವೆಂಬರ್ 15ರವರೆಗೆ ಮಾತ್ರ. ಮಳೆಗಾಲದಲ್ಲಿ ಅವರ ನದಿಗಳು ತುಂಬಿರ್ತವೆ. ಧಲ್ಕೇಬರ್–ಮುಜಫರ್‌ಪುರ 400 ಕೆವಿ ಲೈನಲ್ಲಿ ಒಳಗೆ ಬಂದು ಬಹರಾಂಪುರ–ಭೇರಾಮಾರಾದಲ್ಲಿ ಹೊರಗೆ ಹೋಗುತ್ತೆ. ನಡುವೆ ನಮ್ಮ ಎನ್‌ವಿವಿಎನ್ (ಎನ್‌ಟಿಪಿಸಿಯ ವಿದ್ಯುತ್ ವ್ಯಾಪಾರ ಕಂಪನಿ) ಇದೆ. 40 ಮೆಗಾವ್ಯಾಟ್‌ಗೆ ಎಷ್ಟು ವರ್ಷ ಎಳೆದಾಡಿದ್ರು ನೋಡಿ.

ಚಿಂತಾಮಣಿ ಲೆಕ್ಕಿಗ
ಮೂಲ ಪ್ರಶ್ನೆಗೆ ಬರ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಗ್ಯಾಸು ಗಡಿ ದಾಟಿತಾ ಅನ್ನೋದು ಇಲ್ಲಿ ದೊಡ್ಡ ವಿಷಯವೇ ಅಲ್ಲ. ಅದರ ಹಣ ಎಲ್ಲಿ ನಿಂತಿದೆ ಅನ್ನೋದೇ ವಿಷಯ. 2012ರ ಅಮೆರಿಕದ ಕಾನೂನಿನಲ್ಲಿ ಒಂದು ಕಿಂಡಿ ಇಟ್ಟಿದ್ರು: ಇರಾನಿಂದ ಗ್ಯಾಸ್ ಕೊಳ್ಳೋ ದೇಶ ಹಣವನ್ನ ತನ್ನದೇ ಬ್ಯಾಂಕಿನ ಖಾತೆಯಲ್ಲಿ ಇಡಬೇಕು, ಆ ಖಾತೆಯಿಂದ ಇರಾನ್ ಆ ದೇಶದ ಸರಕನ್ನಷ್ಟೇ ಕೊಳ್ಳಬೇಕು. ಇದು 2013ರ ಫೆಬ್ರವರಿ 6ರಿಂದ ಜಾರಿ.

ಟರ್ಕಿಯ ಒಪ್ಪಂದ 1996ರದ್ದು, ಗ್ಯಾಸ್ ಬರೋಕೆ ಶುರುವಾಗಿದ್ದು 2001ರ ಡಿಸೆಂಬರ್. ಹಣ ಟರ್ಕಿ ಸರ್ಕಾರದ ಹಾಲ್ಕ್‌ಬ್ಯಾಂಕಿನಲ್ಲಿ ಲೀರಾ ಆಗಿ ಕೂರ್ತಿತ್ತು. ಇರಾನ್ ಕಡೆಯವರು ಆ ಲೀರಾದಲ್ಲಿ ಚಿನ್ನ ಕೊಂಡು ಸಾಗಿಸಿದ್ರು. 2012ರಲ್ಲಿ ಟರ್ಕಿಯಿಂದ ಇರಾನಿಗೆ ಹೋದ ಚಿನ್ನ ಸುಮಾರು 6.5 ಬಿಲಿಯನ್ ಡಾಲರಿನಷ್ಟು. ಚಿನ್ನವೂ ಸರಕೇ ತಾನೆ! 2013ರ ಜುಲೈ 1ರಿಂದ ಅಮೆರಿಕ ಆ ಕಿಂಡಿಗೂ ಬೀಗ ಹಾಕಿತು. ಆಮೇಲೆ ಆಹಾರ, ಔಷಧಿ ಹೆಸರಿನ ಸುಳ್ಳು ಬಿಲ್ಲುಗಳ ಆಟ ನಡೆದು, ಇದನ್ನ ನಡೆಸಿದ ಚಿನ್ನದ ವ್ಯಾಪಾರಿ ರೆಜಾ ಜರಾಬ್ 2016ರಲ್ಲಿ ಮಯಾಮಿಯಲ್ಲಿ ಸಿಕ್ಕಿಬಿದ್ದ. 2019ರಲ್ಲಿ ಬ್ಯಾಂಕಿನ ಮೇಲೇ ದೋಷಾರೋಪ ಬಂತು.

ಇರಾಕಿನದು ವಿನಾಯಿತಿ ಪತ್ರದ ಬದುಕು. 2018ರ ನವೆಂಬರಿಂದ 45 ದಿನ, 90 ದಿನ, 120 ದಿನ ಅಂತ ಅಮೆರಿಕ ಎಳ್ಕೊಂಡು ಬಂತು. ದುಡ್ಡು ಟ್ರೇಡ್ ಬ್ಯಾಂಕ್ ಆಫ್ ಇರಾಕಿನಲ್ಲಿ ಜಮಾ ಆಗಬೇಕು, ಅದರಲ್ಲಿ ಆಹಾರ, ಔಷಧಿಯಂಥದ್ದು ಮಾತ್ರ ಕೊಳ್ಳಬಹುದು. ಬಾಕಿ ಬೆಳೆದಾಗಲೆಲ್ಲ ಇರಾನ್ ಗ್ಯಾಸ್ ಕಡಿಮೆ ಮಾಡುತ್ತೆ, ಬೇಸಿಗೇಲಿ ಬಾಗ್ದಾದ್ ಕತ್ತಲಾಗುತ್ತೆ. ವಿದ್ಯುತ್ ಖರೀದಿಯ ವಿನಾಯಿತಿ 2025ರ ಮಾರ್ಚ್ 8ಕ್ಕೆ ಮುಗಿದಾಗ ಅಮೆರಿಕ ಮತ್ತೆ ಕೊಡಲಿಲ್ಲ.

ಎಲ್ಲಕ್ಕಿಂತ ಜಾಣತನ ಅರ್ಮೇನಿಯದ್ದು. ಅಲ್ಲಿ ಹಣವೇ ಓಡಾಡಲ್ಲ. 1 ಘನ ಮೀಟರ್ ಗ್ಯಾಸ್ ತಗೊಂಡು 3 ಯೂನಿಟ್ ವಿದ್ಯುತ್ ವಾಪಸ್ ಕೊಡ್ತಾರೆ. ಗಿರಣಿಗೆ ರಾಗಿ ಹಾಕಿ ಹಿಟ್ಟು ತಂದ ಹಾಗೆ. ಹಣ ಇಲ್ಲ ಅಂದ್ಮೇಲೆ ತಡೆಯೋಕೆ ಬ್ಯಾಂಕೂ ಇಲ್ಲ. ಈ ಒಪ್ಪಂದವನ್ನ 2030ರವರೆಗೆ ಮುಂದುವರಿಸಿದ್ದಾರೆ.

ಕೋಲಾರ ಕಡ್ಡಿಪುಡಿ
ಚಿನ್ನ ಅಂದ ತಕ್ಷಣ ನಮ್ಮೂರು ನೆನಪಾಗಲೇಬೇಕು 😄 ಕೆಜಿಎಫ್ 2001ರಲ್ಲಿ ಮುಚ್ಚಿದ್ದು ತಪ್ಪಾಯ್ತು ಅನ್ಸುತ್ತೆ.

ಗೌರಿಬಿದನೂರು ಗ್ರಿಡ್
@ಚಿಂತಾಮಣಿ ಲೆಕ್ಕಿಗ, ಅರ್ಮೇನಿಯಕ್ಕೆ ಗಿರಣಿ ಕೂಲಿ ಎಷ್ಟು ಉಳಿಯುತ್ತೆ ಅನ್ನೋದನ್ನೂ ಸೇರಿಸ್ಕೊಳಿ. 1 ಘನ ಮೀಟರ್ ಗ್ಯಾಸಿನಲ್ಲಿ ಹೆಚ್ಚುಕಡಿಮೆ 10 ಯೂನಿಟ್‌ನಷ್ಟು ಶಾಖ ಇರುತ್ತೆ. ಹಳೆಯ ಸ್ಟೀಮ್ ಟರ್ಬೈನ್ ಸ್ಥಾವರ 33% ದಕ್ಷತೆಯದ್ದಾದ್ರೆ 3.3 ಯೂನಿಟ್ ಹುಟ್ಟುತ್ತೆ. ಮೂರು ವಾಪಸ್ ಕೊಟ್ಟ ಮೇಲೆ ಉಳಿಯೋದು ಚಿಲ್ಲರೆ, ಅದನ್ನೂ ಸ್ಥಾವರದ ಪಂಪು, ಫ್ಯಾನುಗಳೇ ತಿಂದುಬಿಡ್ತವೆ. ಕಂಬೈನ್ಡ್ ಸೈಕಲ್ (ಗ್ಯಾಸ್ ಟರ್ಬೈನಿನ ಬಿಸಿ ಹೊಗೆಯಿಂದ ಸ್ಟೀಮ್ ಟರ್ಬೈನನ್ನೂ ಓಡಿಸೋದು) ಆಗಿ 50% ಬಂದ್ರೆ 5 ಹುಟ್ಟಿ 2 ಉಳಿಯುತ್ತೆ. ಅಂದ್ರೆ ಈ ಒಪ್ಪಂದದ ಲಾಭ ನಿಂತಿರೋದು ಟರ್ಬೈನ್ ಮೇಲೆ, ರಾಜತಾಂತ್ರಿಕರ ಮೇಲಲ್ಲ.

ಸಿರಾ ಸೀಮೆ
ಪಾಕಿಸ್ತಾನದ ಪ್ರಶ್ನೆ ಹಾಗೇ ಉಳೀತು.

ಚಿಂತಾಮಣಿ ಲೆಕ್ಕಿಗ
ಟರ್ಕಿಯ ಪೈಪು ಈ ಕಾನೂನುಗಳಿಗಿಂತ ಮೊದಲೇ ಹರೀತಿತ್ತು. ಪಾಕಿಸ್ತಾನದ್ದು ಹೊಸದಾಗಿ ಕಟ್ಟಬೇಕಾದ 781 ಕಿಲೋಮೀಟರ್. ಅದಕ್ಕೆ ಸಾಲ ಬೇಕು, ಕಂಪ್ರೆಸರ್ ಬೇಕು, ಗುತ್ತಿಗೆದಾರ ಬೇಕು. ಇವರೆಲ್ಲರಿಗೂ ಡಾಲರ್ ಬೇಕು. 2013ರ ಮಾರ್ಚಿನಲ್ಲಿ ಆಗಿನ ಇರಾನ್ ಅಧ್ಯಕ್ಷ ಅಹ್ಮದಿನೆಜಾದ್, ಪಾಕಿಸ್ತಾನದ ಅಧ್ಯಕ್ಷ ಜರ್ದಾರಿ ಇಬ್ಬರೂ ನಿಂತು ಉದ್ಘಾಟನೆ ಮಾಡಿದ್ರೂ ಸಾಲ ಕೊಡೋ ಬ್ಯಾಂಕ್ ಮುಂದೆ ಬರಲಿಲ್ಲ. 2024ರ ಫೆಬ್ರವರಿಯಲ್ಲಿ ಗ್ವಾದರ್‌ವರೆಗಿನ 80 ಕಿಲೋಮೀಟರಿಗೆ ಮಾತ್ರ ಒಪ್ಪಿಗೆ ಕೊಟ್ಟರು.

ಹಾಗಂತ ಅವರು ಇರಾನಿಂದ ಏನೂ ತಗೊಳಲ್ಲ ಅಂತಲ್ಲ. ಗ್ವಾದರ್ ಕಡೆಗೆ ವಿದ್ಯುತ್ ಇರಾನಿಂದಲೇ ಬರುತ್ತೆ. 100 ಮೆಗಾವ್ಯಾಟಿನ ಪೊಲಾನ್–ಗಬ್ದ್ ಲೈನನ್ನ 2023ರ ಮೇನಲ್ಲಿ ಉದ್ಘಾಟಿಸಿದ್ರು.

ಸಿರಾ ಸೀಮೆ
ಭಾರತ ಅಮೆರಿಕದ ನಿರ್ಬಂಧ ಒಪ್ಪಲ್ಲ, ವಿಶ್ವಸಂಸ್ಥೆಯದ್ದು ಮಾತ್ರ ಒಪ್ಪೋದು. ಇದು ಸರ್ಕಾರದ ನಿಲುವು. ಹಾಗಿರುವಾಗ ವಾಲ್ವ್ ಕಳಿಸೋಕೆ ಭಯ ಯಾಕೆ? ಕಳಿಸಿ ಅಂತೀನಿ.

ಮಾಲೂರು ಎಕ್ಸ್‌ಪೋರ್ಟ್
@ಸಿರಾ ಸೀಮೆ, ಕಾನೂನಿನ ಪ್ರಕಾರ ನೀವು ಹೇಳಿದ್ದು ಸರಿ. ವಿಶ್ವಸಂಸ್ಥೆ ನಿರ್ಬಂಧಗಳು ನಮ್ಮಲ್ಲಿ 1947ರ ಕಾಯ್ದೆಯಡಿ ಗೆಜೆಟ್ ಆದೇಶವಾಗಿ ಬರ್ತವೆ. ಆದ್ರೆ ನಿಮ್ಮ ಬಿಲ್ ಡಾಲರಿನಲ್ಲಿದ್ರೆ ಆ ಹಣ ನ್ಯೂಯಾರ್ಕಿನ ಬ್ಯಾಂಕೊಂದರ ಮೂಲಕವೇ ತೀರುವಳಿ ಆಗಬೇಕು. ಅಲ್ಲಿ ತಡೆದ್ರೆ ತುಮಕೂರಿನ ಬ್ರಾಂಚ್ ಮ್ಯಾನೇಜರ್ ಏನು ಮಾಡ್ತಾರೆ? ಇಲ್ಲಿ ಕಾನೂನು ನಿಮ್ಮ ಕಡೆ ಇರುತ್ತೆ, ದುಡ್ಡು ಅಲ್ಲಿ ಇರುತ್ತೆ.

ಇನ್ನೊಂದು, ಅಮೆರಿಕ ತನ್ನವರಲ್ಲದವರನ್ನೂ ನಿರ್ಬಂಧದ ಪಟ್ಟಿಗೆ ಹಾಕುತ್ತೆ. 2024ರ ಅಕ್ಟೋಬರ್ 30ರಂದು ರಷ್ಯಾಕ್ಕೆ ಸರಕು ಹೋದ ಕಾರಣಕ್ಕೆ ಸುಮಾರು 400 ಹೆಸರುಗಳನ್ನ ಹಾಕಿದ್ರು. ಅದರಲ್ಲಿ 19 ಭಾರತದ ಕಂಪನಿಗಳು.

ಸಿರಾ ಸೀಮೆ
ರೂಪಾಯಿಯಲ್ಲಿ ಮಾಡಿ ಹಾಗಾದ್ರೆ. 2022ರ ಜುಲೈ 11ರ ಆರ್‌ಬಿಐ ಸುತ್ತೋಲೆ ಇದೆಯಲ್ಲ, ವೋಸ್ಟ್ರೋ ಖಾತೆ, ಅಂದ್ರೆ ಹೊರದೇಶದ ಬ್ಯಾಂಕು ನಮ್ಮ ಬ್ಯಾಂಕಿನಲ್ಲಿ ಇಡೋ ರೂಪಾಯಿ ಖಾತೆ.

ಚಿಂತಾಮಣಿ ಲೆಕ್ಕಿಗ
ರೂಪಾಯಿ ಖಾತೆ ಅಂದ್ರೆ ಆ ಕಡೆ ಬ್ಯಾಂಕಿನ ಹತ್ತಿರ ರೂಪಾಯಿ ಇರಬೇಕು. ಇರಾನ್ ಕಚ್ಚಾತೈಲ ಕೊಳ್ತಿದ್ದಾಗ ಅದು ನಡೀತು: 2012ರಲ್ಲಿ ಬಿಲ್ಲಿನ 45% ಯೂಕೋ ಬ್ಯಾಂಕಿನಲ್ಲಿ ರೂಪಾಯಿ ಆಗಿ ಜಮಾ, ಅದರಲ್ಲಿ ಅವರು ನಮ್ಮ ಬಾಸ್ಮತಿ, ಚಹಾ ಕೊಂಡರು. ಉಳಿದದ್ದು ಯೂರೋದಲ್ಲಿ, ಮತ್ತದೇ ಹಾಲ್ಕ್‌ಬ್ಯಾಂಕ್ ಮೂಲಕ. 2019ರ ಮೇನಲ್ಲಿ ತೈಲ ನಿಂತ ಮೇಲೆ ರೂಪಾಯಿ ಹುಟ್ಟೋ ಮೂಲವೇ ನಿಂತುಹೋಯ್ತು, ಇದ್ದದ್ದು ಕರಗಿತು. ಖಾತೆ ತೆರೆದರೆ ಸಾಲದು, ಅದಕ್ಕೆ ನೀರು ಹರಿದು ಬರಬೇಕು.

ನಂದಿ ತಪ್ಪಲು
2013ರಲ್ಲಿ ನಮ್ಮ ಮಂಗಳೂರಿನ ಎಂಆರ್‌ಪಿಎಲ್ ಕೆಲವು ತಿಂಗಳು ಇರಾನ್ ತೈಲ ನಿಲ್ಲಿಸಿತ್ತು. ಅದು ದುಡ್ಡಿನ ಸಮಸ್ಯೆ ಅಲ್ಲ, ವಿಮೆಯದ್ದು. ಇರಾನ್ ತೈಲ ಸಂಸ್ಕರಿಸಿದ್ರೆ ರಿಫೈನರಿಗೆ ಕೊಟ್ಟ ವಿಮೆಗೇ ಯುರೋಪಿನ ಮರುವಿಮೆಯವರು ಬೆನ್ನು ತಿರುಗಿಸ್ತಾರೆ ಅನ್ನೋ ಪರಿಸ್ಥಿತಿ ಬಂತು. ಪೈಪಿನಲ್ಲಿ ಬರೋ ಗ್ಯಾಸಿಗೆ ಹಡಗಿನ ವಿಮೆಯ ರಗಳೆ ಇಲ್ಲ. ಪಕ್ಕದ ದೇಶದವರು ಗ್ಯಾಸ್ ತಗೊಂಡು ಬದುಕೋದು ಹಾಗೆ, ಸಮುದ್ರ ದಾಟಿ ತೈಲ ತರಿಸೋರು ಸಿಕ್ಕಿಬೀಳೋದು ಹೀಗೆ.

ಕೋಲಾರ ಕಡ್ಡಿಪುಡಿ
ದೇವನಗೊಂತಿ ಟರ್ಮಿನಲ್ಲಿಗೆ ಮಂಗಳೂರಿಂದ ಪೈಪಲ್ಲಿ ಬರೋ ಡೀಸೆಲ್ಲಿನಲ್ಲಿ ಇರಾನ್ ಎಷ್ಟು, ಸೌದಿ ಎಷ್ಟು ಅಂತ ಬೇರೆ ಮಾಡೋಕಾಗುತ್ತಾ?

ನಂದಿ ತಪ್ಪಲು
ಆಗಲ್ಲ. ಅದಕ್ಕೇ ಯುರೋಪಿನವರ ಹೊಸ ನಿಯಮ ತಲೆನೋವು. ರಷ್ಯಾ ತೈಲದಿಂದ ಮಾಡಿದ ಡೀಸೆಲ್, ಪೆಟ್ರೋಲನ್ನ ಮೂರನೇ ದೇಶದ ರಿಫೈನರಿಯಿಂದಲೂ ತಗೊಳಲ್ಲ ಅಂತ 2025ರ ಜುಲೈನ ನಿರ್ಬಂಧ ಪ್ಯಾಕೇಜಿನಲ್ಲಿ ಹೇಳಿದ್ರು. ಟ್ಯಾಂಕಿನಲ್ಲಿ ಬೆರೆತ ಮೇಲೆ ಡೀಸೆಲ್ ಅದರ ಊರು ಹೇಳಲ್ಲ. ಕಾಗದದಲ್ಲೇ ಸಾಬೀತು ಮಾಡಬೇಕು: ಯಾವ ತಿಂಗಳು ಯಾವ ಕಾರ್ಗೋ ಒಳಗೆ ಬಂತು, ಯಾವ ಯೂನಿಟ್ಟಿಗೆ ಹೋಯ್ತು.

ವಸಂತನರಸಾಪುರ ವಾಲ್ವ್
ತೈಲ, ಗ್ಯಾಸ್ ಎಲ್ಲ ಅರ್ಥ ಆಯ್ತು. ನನ್ನ ವಾಲ್ವಿನ ಕಥೆ ಹೇಳ್ರಪ್ಪ ಯಾರಾದ್ರೂ.

ಮಾಲೂರು ಎಕ್ಸ್‌ಪೋರ್ಟ್
ಹೇಳ್ತೀನಿ. ಇರಾಕಿನ ಸ್ಥಾವರ ಇರಾನ್ ಗ್ಯಾಸ್ ಉರಿಸುತ್ತೆ ಅನ್ನೋ ಒಂದೇ ಕಾರಣಕ್ಕೆ ನಿಮ್ಮ ವಾಲ್ವ್ ಇರಾನ್ ವ್ಯಾಪಾರ ಆಗಲ್ಲ. ಕೊಳ್ಳೋರು ಇರಾಕಿನವರು, ಸರಕು ನಿಲ್ಲೋದು ಇರಾಕಿನಲ್ಲಿ. ಭಯ ಇರೋದು ಸರಕು ಬಸ್ರಾ ಬಿಟ್ಟು ಗಡಿಯಾಚೆ ಹೋದ್ರೆ, ಇಲ್ಲಾ ಮೊದಲಿಂದಲೂ ಬಸ್ರಾ ಅನ್ನೋದೇ ಸುಳ್ಳಾಗಿದ್ರೆ.

ಮೊದಲು ಸ್ಕೋಮೆಟ್ ನೋಡಿ, ಅಂದ್ರೆ ರಫ್ತಿಗೆ ಲೈಸೆನ್ಸ್ ಬೇಕಾದ ಸರಕುಗಳ ನಮ್ಮ ಸರ್ಕಾರದ ಪಟ್ಟಿ. ಡಬ್ಲ್ಯುಸಿಬಿ ಸಾದಾ ಕಾರ್ಬನ್ ಸ್ಟೀಲ್, ಅದು ಪಟ್ಟಿಯಲ್ಲಿ ಬರಲ್ಲ. 316 ಸ್ಟೇನ್‌ಲೆಸ್ ಕೂಡ ಬರಲ್ಲ, ನಿಕಲ್ 10ರಿಂದ 14% ಅಷ್ಟೇ. ರಾಸಾಯನಿಕ ತಾಗೋ ಮೈಯೆಲ್ಲ 25%ಗಿಂತ ಹೆಚ್ಚು ನಿಕಲ್ ಮತ್ತು 20%ಗಿಂತ ಹೆಚ್ಚು ಕ್ರೋಮಿಯಂ ಇರೋ ಮಿಶ್ರಲೋಹ, ಅಥವಾ ಟೈಟಾನಿಯಂ, ಟ್ಯಾಂಟಲಮ್, ಫ್ಲೋರೋಪಾಲಿಮರ್ ಲೈನಿಂಗ್, ಅದರ ಜೊತೆ ಸೈಜು 10 ಮಿಲಿಮೀಟರ್‌ಗಿಂತ ದೊಡ್ಡದು, ಇವು ಸೇರಿದ್ರೆ ಲೈಸೆನ್ಸ್ ಬೇಕು. ಪಿಟಿಎಫ್ಇ (ಟೆಫ್ಲಾನ್, ಅದೂ ಫ್ಲೋರೋಪಾಲಿಮರೇ) ಸೀಟ್ ರಿಂಗ್ ಒಂದಿದ್ದ ಮಾತ್ರಕ್ಕೆ ಅಲ್ಲ, ಒಳಮೈಯೆಲ್ಲ ಲೈನಿಂಗ್ ಆಗಿದ್ರೆ. ಶಿಪ್ಪಿಂಗ್ ಬಿಲ್ಲಿನಲ್ಲಿ ಕೋಡ್ 8481 80 ಅಂತ ಹಾಕೋ ಮೊದಲು ಮೆಟೀರಿಯಲ್ ಟೆಸ್ಟ್ ಸರ್ಟಿಫಿಕೇಟ್ ಎದುರಿಗಿಟ್ಟು ಇದನ್ನ ಬರೆದಿಟ್ಟುಕೊಳ್ಳಿ.

ಗೇಟ್ ವಾಲ್ವಿಗಿಂತ ಪೊಸಿಷನರ್ ಅಪಾಯ. ಅದು ಅಮೆರಿಕದಲ್ಲಿ ತಯಾರಾದದ್ದಾದ್ರೆ ಅಮೆರಿಕದ ಮರುರಫ್ತು ನಿಯಮ ಅದರ ಬೆನ್ನಿಗೇ ಬರುತ್ತೆ. ಇರಾನಿಗೆ ಹೋಗೋ ಸರಕಿನಲ್ಲಿ ಅಮೆರಿಕದ ನಿಯಂತ್ರಿತ ಭಾಗಗಳ ಬೆಲೆ 10% ದಾಟಬಾರದು, ಬೇರೆ ಬಹುತೇಕ ದೇಶಗಳಿಗೆ 25%. ಇರಾಕಿಗೆ ಅಂತ ಲೆಕ್ಕ ಹಾಕಿ ಕಳಿಸಿದ್ದು ಇರಾನಿನಲ್ಲಿ ಸಿಕ್ಕಿದ್ರೆ ಪೊಸಿಷನರ್ ಮೇಲಿನ ಸೀರಿಯಲ್ ನಂಬರೇ ನಿಮ್ಮ ಗೇಟಿನವರೆಗೆ ದಾರಿ ತೋರಿಸುತ್ತೆ.

ಸಿರಾ ಸೀಮೆ
ಎಲ್ಲದಕ್ಕೂ ಹೆದರಿಸ್ತಾ ಕೂತ್ರೆ ವ್ಯಾಪಾರ ಆದ ಹಾಗೆ.

ತಿಪಟೂರು ಟ್ರಿಮ್
ಹೆದರಿಸೋದಲ್ಲ ಅಣ್ಣ. ಡ್ರಾಯಿಂಗ್ ಓದಿದ್ರೇ ಅರ್ಧ ಗೊತ್ತಾಗುತ್ತೆ. ಎನ್‌ಕ್ವೈರಿಯಲ್ಲಿ ನೇಸ್ ಎಂಆರ್0175 ಕೇಳಿದ್ದಾರಾ ನೋಡಿ. ಅದು ಹೈಡ್ರೋಜನ್ ಸಲ್ಫೈಡ್ ಇರೋ ಹುಳಿ ಗ್ಯಾಸಿಗೆ: ಕಾರ್ಬನ್ ಸ್ಟೀಲ್ ಗಡಸುತನ 22 ಎಚ್‌ಆರ್‌ಸಿ ದಾಟಬಾರದು, ಬೋಲ್ಟು ಬಿ7ಎಂ ಆಗಬೇಕು. ವಿದ್ಯುತ್ ಸ್ಥಾವರಕ್ಕೆ ಬರೋದು ಶುದ್ಧೀಕರಿಸಿದ ಗ್ಯಾಸ್, ಅದಕ್ಕೆ ನೇಸ್ ಸಾಮಾನ್ಯವಾಗಿ ಬೇಕಾಗಲ್ಲ. "ಪವರ್ ಪ್ಲಾಂಟ್, ಕೂಲಿಂಗ್ ವಾಟರ್ ಲೈನ್" ಅಂತ ಹೇಳಿ ನೇಸ್ ಕೇಳಿದ್ರೆ, ಅಥವಾ ಎಪಿಐ 600 ಜೊತೆಗೆ ಸದ್ದಿಲ್ಲದೆ ಎಪಿಐ 6ಎ ಐಟಂ ಎರಡು ಸೇರಿಸಿದ್ರೆ, ಸರಕು ಬಾವಿಯ ಬಾಯಿಗೆ ಹೋಗ್ತಿರಬಹುದು ಅಂತ ಅರ್ಥ. 6ಎ ಅಂದ್ರೆ ವೆಲ್‌ಹೆಡ್. ಯಾವ ಬಾವಿ, ಯಾವ ದೇಶದ್ದು ಅಂತ ಬರಹದಲ್ಲಿ ಕೇಳಿ.

ಮಾಲೂರು ಎಕ್ಸ್‌ಪೋರ್ಟ್
ಸರಿಯಾಗಿ ಹಿಡಿದ್ರಿ. ಇರಾನಿನ ತೈಲ-ಗ್ಯಾಸ್ ಉತ್ಪಾದನೆಗೆ ನೆರವಾಗೋ ಸರಕು ಒಂದೇ ಸಲಕ್ಕೆ 10 ಲಕ್ಷ ಡಾಲರ್, ಅಥವಾ 12 ತಿಂಗಳಲ್ಲಿ 50 ಲಕ್ಷ ಡಾಲರ್ ಮುಟ್ಟಿದ್ರೆ ಹೊರಗಿನ ಕಂಪನಿ ಮೇಲೂ ಅಮೆರಿಕದ ಕ್ರಮ ಬರುತ್ತೆ. ಪೆಟ್ರೋಕೆಮಿಕಲ್‌ಗೆ ಮಿತಿ ಇನ್ನೂ ಕಡಿಮೆ, 2.5 ಲಕ್ಷ ಮತ್ತು 10 ಲಕ್ಷ.

ಕೋಲಾರ ಕಡ್ಡಿಪುಡಿ
ಒಂದು ಲೋಡ್ ವಾಲ್ವು ಅಷ್ಟಾಗಲ್ಲ ಬಿಡಿ, ನಿರಾಳ.

ಚಿಂತಾಮಣಿ ಲೆಕ್ಕಿಗ
@ಕೋಲಾರ ಕಡ್ಡಿಪುಡಿ, ನಿರಾಳ ಆಗಬೇಡಿ. ಆ ಮಿತಿ ಒಂದು ಕಾನೂನಿನದ್ದು. ಅಮೆರಿಕದ ನಿರ್ಬಂಧ ಪಟ್ಟಿಯಲ್ಲಿರೋ ಸಂಸ್ಥೆಗೆ ಮಾರಿದ್ರೆ ಮೊತ್ತದ ಮಾತೇ ಇಲ್ಲ. 50% ನಿಯಮ ಬೇರೆ: ಪಟ್ಟಿಯಲ್ಲಿರೋರು ಒಬ್ಬರೋ ಇಬ್ಬರೋ ಸೇರಿ ಅರ್ಧ ಅಥವಾ ಹೆಚ್ಚು ಪಾಲು ಹೊಂದಿದ್ರೆ ಆ ಕಂಪನಿ ಹೆಸರು ಪಟ್ಟಿಯಲ್ಲಿ ಇಲ್ಲದಿದ್ರೂ ಇದ್ದ ಹಾಗೇ. ಹಾಗಾಗಿ ದುಬೈ ಟ್ರೇಡರ್ ಹತ್ತಿರ ಟ್ರೇಡ್ ಲೈಸೆನ್ಸ್ ಜೊತೆ ಷೇರುದಾರರ ಪಟ್ಟಿ ಕೇಳಿ. ಕೊಡಲ್ಲ ಅಂದ್ರೆ ಅಲ್ಲಿಗೇ ಮುಗೀತು.

ಸಿರಾ ಸೀಮೆ
2025ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆ ನಿರ್ಬಂಧ ವಾಪಸ್ ಬಂತಲ್ಲ, ಈಗ ಇರಾನ್ ಗ್ಯಾಸೂ ಅದರಡಿ ಬಂತಾ?

ಚಿಂತಾಮಣಿ ಲೆಕ್ಕಿಗ
ಇಲ್ಲ. ವಾಪಸ್ ಬಂದದ್ದು ಶಸ್ತ್ರಾಸ್ತ್ರ, ಅಣು ಮತ್ತು ಕ್ಷಿಪಣಿಗೆ ಸಂಬಂಧಿಸಿದ ಸರಕು, ಹೆಸರಿಸಿದ ವ್ಯಕ್ತಿ-ಸಂಸ್ಥೆಗಳ ಆಸ್ತಿ ಮುಟ್ಟುಗೋಲು ಇಂಥವು. ತೈಲ, ಗ್ಯಾಸ್ ಕೊಳ್ಳಬಾರದು ಅಂತ ವಿಶ್ವಸಂಸ್ಥೆ ಯಾವತ್ತೂ ಹೇಳಿಲ್ಲ. ಆದ್ರೆ ನಮಗೆ ಒಂದು ಬದಲಾವಣೆ ಇದೆ: ಗೆಜೆಟ್ ಆದೇಶ ಬಂದ್ರೆ ವಿಶ್ವಸಂಸ್ಥೆ ಪಟ್ಟಿಯ ಹೆಸರುಗಳು ನಮ್ಮ ಕಾನೂನಿಗೂ ತಾಗ್ತವೆ. "ಅಮೆರಿಕದ್ದು, ನಮಗೇನು" ಅನ್ನೋ ಮಾತು ಆ ಹೆಸರುಗಳ ಮಟ್ಟಿಗೆ ನಡೆಯಲ್ಲ.

ಸಿರಾ ಸೀಮೆ
ಅಷ್ಟು ಮಟ್ಟಿಗೆ ಒಪ್ಪಿದೆ. ಉಳಿದದ್ದಕ್ಕೆ ಇನ್ನೂ ಒಪ್ಪಲ್ಲ.

ಕೋಲಾರ ಕಡ್ಡಿಪುಡಿ
ವಿಷಯಾಂತರ, ಬೈಬೇಡಿ. ದೂರದ ವಿದ್ಯುತ್ ವ್ಯಾಪಾರದಲ್ಲಿ ನಾವೇ ಹಳಬರು. 1902ರಲ್ಲೇ ಮೈಸೂರು ಸಂಸ್ಥಾನ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್ ಗಣಿಯ ಇಂಗ್ಲಿಷ್ ಕಂಪನಿಗಳಿಗೆ ಕರೆಂಟ್ ಮಾರಿತ್ತು.

ಗೌರಿಬಿದನೂರು ಗ್ರಿಡ್
ವಿಷಯಾಂತರ ಅಲ್ಲವೇ ಅಲ್ಲ. ಕೊಳ್ಳೋನು ಗಟ್ಟಿ ಇದ್ರೆ ಎಷ್ಟು ದೂರಕ್ಕೂ ತಂತಿ ಎಳೀತಾರೆ. ದುಡ್ಡು ಬರದಿದ್ರೆ ಇದ್ದ ತಂತಿಯೂ ದಂಡ: 2022ರ ಮೇ 14ರಂದು ರಷ್ಯಾ ಕಂಪನಿ ಫಿನ್‌ಲ್ಯಾಂಡಿಗೆ ವಿದ್ಯುತ್ ನಿಲ್ಲಿಸಿದಾಗ ಲೈನು ಚೆನ್ನಾಗೇ ಇತ್ತು. ಮಾರಿದ ವಿದ್ಯುತ್ತಿನ ಹಣ ಕೈಗೆ ಬಂದಿಲ್ಲ ಅಂತ ಕಾರಣ ಕೊಟ್ಟರು. ಫಿನ್‌ಲ್ಯಾಂಡಿನ ಬಳಕೆಯ 10%ನಷ್ಟು ಅಲ್ಲಿಂದ ಬರ್ತಿತ್ತು.

ವಸಂತನರಸಾಪುರ ವಾಲ್ವ್
ಷೇರುದಾರರ ಪಟ್ಟಿ ಕೇಳಿದೆ, ಕಳಿಸ್ತೀವಿ ಅಂದಿದ್ದಾರೆ. ಪೇಮೆಂಟ್ ಹಾಂಗ್‌ಕಾಂಗ್ ಕಂಪನಿಯಿಂದ ಬರುತ್ತೆ ಅಂತ ಈಗ ಹೇಳ್ತಿದ್ದಾರೆ. ಅಡ್ವಾನ್ಸ್ 30%. ಸಾಗಣೆ ವೈಟ್‌ಫೀಲ್ಡ್ ಐಸಿಡಿಯಿಂದ (ಒಳನಾಡಿನ ಕಂಟೇನರ್ ಡಿಪೋ) ಚೆನ್ನೈ, ದುಬೈನ ಜೆಬೆಲ್ ಅಲಿ ಬಂದರು, ಅಲ್ಲಿಂದ ಇರಾಕಿನ ಉಮ್ ಕಸರ್ ಬಂದರು.

ಚಿಂತಾಮಣಿ ಲೆಕ್ಕಿಗ
ಆರ್ಡರ್ ದುಬೈ, ಸರಕು ಇರಾಕ್, ಹಣ ಹಾಂಗ್‌ಕಾಂಗ್. ಈ ತ್ರಿಕೋನ ನೋಡಿದ ತಕ್ಷಣ ಬ್ಯಾಂಕಿನ ಕಂಪ್ಲಯನ್ಸ್‌ನವರು ಪೆನ್ನು ಕೆಳಗಿಡ್ತಾರೆ. ಮೂರನೆಯವರಿಂದ ಹಣ ಬರೋದಕ್ಕೆ ಆರ್‌ಬಿಐ ನಿಯಮದಲ್ಲಿ ಅವಕಾಶ ಇದೆ, ಆದ್ರೆ ಆ ಹೆಸರು ಶಿಪ್ಪಿಂಗ್ ಬಿಲ್ಲಿನಲ್ಲೇ ಬರಬೇಕು, ಬ್ಯಾಂಕಿಗೆ ವ್ಯವಹಾರ ನಿಜ ಅಂತ ಮನವರಿಕೆ ಆಗಬೇಕು. ಇಲ್ಲದಿದ್ರೆ ದುಡ್ಡು ಬಂದಿದ್ರೂ ಇಡಿಪಿಎಂಎಸ್‌ನಲ್ಲಿ (ರಫ್ತಿನ ಹಣ ಬಂತಾ ಅಂತ ಆರ್‌ಬಿಐ ನೋಡೋ ವ್ಯವಸ್ಥೆ) ಬಿಲ್ ತೆರೆದೇ ಇರುತ್ತೆ. ಸ್ಥಾವರದವರೇ ಟ್ರೇಡ್ ಬ್ಯಾಂಕ್ ಆಫ್ ಇರಾಕ್ ಮೂಲಕ ಎಲ್‌ಸಿ (ಹಣ ಕೊಡ್ತೀವಿ ಅನ್ನೋ ಬ್ಯಾಂಕಿನ ಖಾತರಿ ಪತ್ರ) ತೆರೆಯಲಿ, ಅದನ್ನ ಹೊರಗಿನ ಒಳ್ಳೆ ಬ್ಯಾಂಕ್ ಕನ್ಫರ್ಮ್ ಮಾಡಲಿ. ಸಣ್ಣ ಖಾಸಗಿ ಇರಾಕಿ ಬ್ಯಾಂಕ್ ಆದ್ರೆ ಹುಷಾರು, 2023ರ ಜುಲೈನಲ್ಲಿ 14 ಬ್ಯಾಂಕುಗಳಿಗೆ ಡಾಲರ್ ವಹಿವಾಟೇ ನಿಷೇಧ ಆಯ್ತು.

ಇನ್‌ವಾಯ್ಸಿನಲ್ಲಿ, ಹಣ ಕಳಿಸೋರ ವಿವರಣೆಯಲ್ಲಿ ಚುಟುಕಾಗಿ ಬರೀಬೇಡಿ. ಹಣದ ಜೊತೆ ಬ್ಯಾಂಕುಗಳು ಕಳಿಸೋ ಸಂದೇಶದ ವಿವರಣೆ ಜಾಗದಲ್ಲಿ ಯಾವ ಪದ ಇದ್ರೂ ಯಂತ್ರ ಜಾಲಾಡುತ್ತೆ. ಬೀದಿ ಹೆಸರಿನಲ್ಲಿ "ಟೆಹ್ರಾನ್" ಇದ್ರೂ ತಡೆದು ಪ್ರಶ್ನೆ ಕಳಿಸುತ್ತೆ. ಸ್ಥಾವರದ ಹೆಸರು, ಪಿಒ (ಖರೀದಿ ಆದೇಶ) ನಂಬರ್, ಸರಕಿನ ಹೆಸರು ಪೂರ್ತಿ ಇದ್ರೆ ಉತ್ತರ ಕೊಡೋಕೆ ಬ್ಯಾಂಕಿಗೂ ಸುಲಭ.

ತಿಪಟೂರು ಟ್ರಿಮ್
ಬಿಎಲ್ (ಹಡಗಿನ ಸಾಗಣೆ ಪತ್ರ) "ಟು ಆರ್ಡರ್" ಅಂತ ಮಾಡಿಸಬೇಡಿ, ಸರಕು ಸಮುದ್ರದ ಮೇಲಿರುವಾಗಲೇ ಕೈ ಬದಲಾಗಬಹುದು. ಕನ್ಸೈನಿ (ಸರಕು ಪಡೆಯೋರು) ಜಾಗದಲ್ಲಿ ಸ್ಥಾವರದ ಹೆಸರೇ ಇರಲಿ. ಪ್ರತಿ ವಾಲ್ವಿನ ಬಾಡಿ ಮೇಲೆ ಹೀಟ್ ನಂಬರ್ (ಯಾವ ಎರಕದ ಲೋಹ ಅನ್ನೋ ಗುರುತು) ಹೇಗೂ ಬೀಳುತ್ತೆ, ಅದನ್ನ ಪ್ಯಾಕಿಂಗ್ ಲಿಸ್ಟಿನಲ್ಲೂ ಬರೀರಿ. ಆಮೇಲೆ ಸ್ಥಾವರದ ಸ್ಟೋರಿನಿಂದ ಸ್ವೀಕೃತಿ ಪತ್ರದಲ್ಲಿ ಅದೇ ನಂಬರ್ ಬರಬೇಕು ಅಂತ ಪಿಒದಲ್ಲೇ ಷರತ್ತು ಹಾಕಿ.

ನಂದಿ ತಪ್ಪಲು
ಸಾಗಣೆ ವಿಮೆಯ ಪಾಲಿಸಿ ಕೊನೆ ಹಾಳೆಗಳಲ್ಲಿ ಜೆಸಿ2010/014 ಅನ್ನೋ ಷರತ್ತು ಇರುತ್ತೆ, ಓದಿ. ನಿರ್ಬಂಧಕ್ಕೆ ತಾಗೋ ಸಾಗಣೆಯಾದ್ರೆ ಸರಕು ಮುಳುಗಿದ್ರೂ ಪರಿಹಾರ ಇಲ್ಲ ಅಂತ ಅದರ ತಾತ್ಪರ್ಯ. ಜೆಬೆಲ್ ಅಲಿಯಿಂದ ಹೊರಡೋ ಫೀಡರ್ ಹಡಗು ಇರಾನಿನ ಬಂದರ್ ಅಬ್ಬಾಸ್ ಮುಟ್ಟಿ ಹೋಗುತ್ತಾ ಅಂತ ಫಾರ್ವರ್ಡರ್ ಹತ್ತಿರ ಬರಹದಲ್ಲಿ ತಗೊಳ್ಳಿ. ಹಡಗಿನ ಹೆಸರು ನಂಬಬೇಡಿ, ಹೆಸರು ಬಣ್ಣ ಬಳಿದು ಬದಲಾಯಿಸ್ತಾರೆ. 7 ಅಂಕಿಯ ಐಎಂಒ ನಂಬರ್ ಹಡಗು ಗುಜರಿಗೆ ಹೋಗೋವರೆಗೂ ಅದೇ ಇರುತ್ತೆ.

ಸಿರಾ ಸೀಮೆ
ಇಷ್ಟೆಲ್ಲ ಮಾಡೋ ಹೊತ್ತಿಗೆ ಆರ್ಡರ್ ಬೇರೆಯವರ ಪಾಲಾಗಿರುತ್ತೆ.

ಮಾಲೂರು ಎಕ್ಸ್‌ಪೋರ್ಟ್
ಆಗಬಹುದು. ಅದಕ್ಕೇ ಆರ್ಡರನ್ನ ಎರಡು ಮಾಡಿ ಅನ್ನೋದು. ಗೇಟ್ ವಾಲ್ವ್ ಬೇರೆ ಪಿಒ, ಕಂಟ್ರೋಲ್ ವಾಲ್ವ್ ಬೇರೆ ಪಿಒ. ಮೊದಲನೆಯದು ಕಾಗದ ಬಂದ ತಕ್ಷಣ ಹೋಗಲಿ. ಪೊಸಿಷನರ್ ತಯಾರಕರಿಗೆ ಕೊನೆಯ ಬಳಕೆದಾರನ ಹೆಸರು, ಸ್ಥಾವರದ ವಿಳಾಸ ಕೊಟ್ಟು ಮೂಲ ದೇಶದ ಪತ್ರ, ರಫ್ತು ವರ್ಗೀಕರಣ ಸಂಖ್ಯೆ ಎರಡನ್ನೂ ಕೇಳಿ. ಅದು ಬರೋವರೆಗೆ ಎರಡನೇ ಪಿಒಗೆ ಅಡ್ವಾನ್ಸ್ ಮುಟ್ಟಬೇಡಿ. ಮುಟ್ಟಿದ ಮೇಲೆ ವಾಪಸ್ ಕೊಡೋಕೂ ಅದೇ ಬ್ಯಾಂಕ್, ಅದೇ ಪ್ರಶ್ನೆ.

ವಸಂತನರಸಾಪುರ ವಾಲ್ವ್
ಕಂಟ್ರೋಲ್ ವಾಲ್ವನ್ನ ಪೊಸಿಷನರ್ ಇಲ್ಲದೆ ಬರೀ ಆಕ್ಚುಯೇಟರ್ (ವಾಲ್ವನ್ನ ತೆರೆದು ಮುಚ್ಚೋ ಭಾಗ) ಜೊತೆ ಕಳಿಸಿ, ಪೊಸಿಷನರ್ ಅವರೇ ಅಲ್ಲಿ ಕೊಳ್ಳಲಿ ಅಂದ್ರೆ?

ತಿಪಟೂರು ಟ್ರಿಮ್
ಮಾಡಬಹುದು. ಆದ್ರೆ ಮೌಂಟಿಂಗ್ ಬ್ರಾಕೆಟ್ ಐಇಸಿ 60534-6ರ ಪ್ರಕಾರ ಇರಲಿ, ಇಲ್ಲದಿದ್ರೆ ಅಲ್ಲಿ ಸಿಗೋ ಪೊಸಿಷನರ್ ಕೂರಲ್ಲ. ಇನ್ನು ಸ್ಟ್ರೋಕ್ ಕ್ಯಾಲಿಬ್ರೇಷನ್, ಸೀಟ್ ಲೀಕೇಜ್ ಎರಡನ್ನೂ ಇಲ್ಲೇ ಟೆಸ್ಟ್ ಪೊಸಿಷನರ್ ಹಾಕಿ ಮಾಡಿ ರಿಪೋರ್ಟ್ ಕೊಡಬೇಕು, ಇಲ್ಲಾಂದ್ರೆ ಅಲ್ಲಿ ವಾಲ್ವ್ ಪೂರ್ತಿ ಮುಚ್ಚದಿದ್ರೆ ತಪ್ಪು ನಿಮ್ಮ ತಲೆಗೇ ಬರುತ್ತೆ.